ಬಿಳಿಯ ಕೆಲಸ, ಕಪ್ಪಿನ ಕೆಲಸ: ಆನಂದ್ ಅವರ ಆಟಗಳನ್ನು ಮುಂದಿಟ್ಟುಕೊಂಡು ಚೆಸ್‌ನ ಎರಡೂ ಬದಿಗಳನ್ನು ಕಲಿಯುವ ಬಗೆ

2008ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಸರಣಿಯಲ್ಲಿ ವಿಶ್ವನಾಥನ್ ಆನಂದ್ ಅವರು ರಷ್ಯಾದ ವ್ಲಾದಿಮಿರ್ ಕ್ರಾಮ್ನಿಕ್ ಅವರನ್ನು 6.5–4.5 ಅಂಕಗಳಿಂದ ಸೋಲಿಸಿದರು. ಹನ್ನೆರಡು ಆಟಗಳಿಗೆ ನಿಗದಿಯಾಗಿದ್ದ ಸರಣಿ ಹನ್ನೊಂದನೆಯ ಆಟಕ್ಕೇ ಮುಗಿಯಿತು. ಆನಂದ್ ಗೆದ್ದದ್ದು ಮೂರು ಆಟಗಳನ್ನು. ಅವುಗಳಲ್ಲಿ ಎರಡನ್ನು, ಅಂದರೆ ಮೂರನೆಯದನ್ನೂ ಐದನೆಯದನ್ನೂ, ಅವರು ಕಪ್ಪು ಕಾಯಿಗಳಲ್ಲಿ ಗೆದ್ದರು. ಆ ಮಟ್ಟದ ಆಟದಲ್ಲಿ ಕಪ್ಪು ಕಾಯಿಗಳವರು ಡ್ರಾ ಸಿಕ್ಕರೆ ದಿನ ಚೆನ್ನಾಗಿ ಕಳೆಯಿತೆಂದು ಭಾವಿಸುವುದು ರೂಢಿ. ಬಿಳಿಯಲ್ಲಿ ಸೋಲಿಸಲು ಅತ್ಯಂತ ಕಷ್ಟವೆಂದು ಹೆಸರಾಗಿದ್ದ ಕ್ರಾಮ್ನಿಕ್ ಅವರನ್ನು ಬಿಳಿಯಲ್ಲೇ, ಒಂದೇ ಓಪನಿಂಗ್‌ನಲ್ಲಿ (ಆರಂಭದ ನಡೆಗಳ ಒಂದೇ ಕ್ರಮದಲ್ಲಿ), ಮೂರು ಆಟಗಳ ಅಂತರದಲ್ಲಿ ಎರಡು ಬಾರಿ ಮಣಿಸಿದ್ದು ಚೆಸ್ ಕಲಿಯುವವರಿಗೆ ದೊಡ್ಡ ಪಾಠವಾಗಬಲ್ಲದು.

ನಾನು ಕಂಡಂತೆ ಶಾಲೆಯ ಮಟ್ಟದಲ್ಲಿ, ಕ್ಲಬ್ ಮಟ್ಟದಲ್ಲಿ ಆಡುವ ಬಹುತೇಕರು ಬಿಳಿ ಎಂದರೆ ಮುನ್ನುಗ್ಗುವುದು, ಕಪ್ಪು ಎಂದರೆ ತಡೆಯುವುದು ಎಂದು ಮೊದಲ ದಿನವೇ ಮನಸ್ಸಿನಲ್ಲಿ ಬರೆದುಕೊಂಡುಬಿಡುತ್ತಾರೆ. ಟೂರ್ನಿಯ ಜೋಡಿ ಪಟ್ಟಿಯಲ್ಲಿ ತಮ್ಮ ಹೆಸರಿನ ಎದುರು ಕಪ್ಪು ಎಂದು ಕಂಡ ಕೂಡಲೇ ಮುಖ ಬಾಡಿಸಿಕೊಳ್ಳುವ ಮಕ್ಕಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಅವರು ಆಡುವ ಆಟಗಳಲ್ಲಿ ಅರ್ಧದಷ್ಟು ಕಪ್ಪು ಕಾಯಿಗಳಲ್ಲೇ ಇರುತ್ತವೆ. ಎರಡೂ ಬದಿಗಳ ಕೆಲಸ ಬೇರೆ ಬೇರೆ ಎಂಬುದು ನಿಜ. ಆದರೆ ಆ ವ್ಯತ್ಯಾಸವು ದಾಳಿ ಮತ್ತು ರಕ್ಷಣೆಯ ನಡುವಿನದಲ್ಲ. ಪ್ರಶ್ನೆಯನ್ನು, ಅಂದರೆ ಎದುರಾಳಿ ಉತ್ತರಿಸಲೇಬೇಕಾದ ನಡೆಯನ್ನು, ಮೊದಲು ಕೇಳುವ ಅವಕಾಶ ಯಾರಿಗಿದೆ ಮತ್ತು ಆ ಅವಕಾಶ ಯಾವ ಗಳಿಗೆಯಲ್ಲಿ ಕೈ ಬದಲಾಯಿಸುತ್ತದೆ ಎಂಬುದರಲ್ಲಿದೆ. ಇದನ್ನು ಹಲಗೆಯ ಮೇಲೆ ಅಭ್ಯಾಸ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಕಾಯಿಗಳಿಗೆ ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ರಾಜ, ರಾಣಿ, ಆನೆ, ಒಂಟೆ, ಕುದುರೆ, ಪದಾತಿ ಎಂಬ ಹೆಸರುಗಳನ್ನೇ ಬಳಸಿದ್ದೇನೆ. ರೂಕ್, ಬಿಷಪ್, ನೈಟ್, ಪಾನ್ ಎಂದು ಕೇಳಿ ಅಭ್ಯಾಸವಾದವರು ಆನೆಯನ್ನು ರೂಕ್ ಎಂದೂ, ಒಂಟೆಯನ್ನು ಬಿಷಪ್ ಎಂದೂ, ಕುದುರೆಯನ್ನು ನೈಟ್ ಎಂದೂ, ಪದಾತಿಯನ್ನು ಪಾನ್ ಎಂದೂ ಓದಿಕೊಳ್ಳಬೇಕು. ಬಿಳಿಯ ಕಡೆಯಿಂದ ನೋಡಿದಾಗ ಉದ್ದ ಸಾಲುಗಳಿಗೆ ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗಿನ ಅಕ್ಷರಗಳು, ಅಡ್ಡ ಸಾಲುಗಳಿಗೆ ಕೆಳಗಿನಿಂದ ಮೇಲಕ್ಕೆ 1ರಿಂದ 8ರವರೆಗಿನ ಅಂಕಿಗಳು; ಇ4 ಎಂದರೆ ಇ ಸಾಲಿನ ನಾಲ್ಕನೆಯ ಮನೆ. ಕಾಯಿಯ ಹೆಸರಿಲ್ಲದೆ ಬರೀ ಮನೆಯನ್ನು ಹೇಳಿದರೆ ಅದು ಪದಾತಿಯ ನಡೆ. ಓದುವಾಗ ಎದುರಿಗೆ ನಿಜವಾದ ಹಲಗೆ ಇರಲಿ. ಪರದೆಯ ಮೇಲಿನ ಹಲಗೆಗಿಂತ ಕೈಯಿಂದ ಕಾಯಿ ಎತ್ತಿ ಇಡುವುದರಿಂದ ನಡೆಗಳು ನೆನಪಿನಲ್ಲಿ ಹೆಚ್ಚು ಕಾಲ ಉಳಿಯುತ್ತವೆ.

ಮೊದಲ ನಡೆಯ ಬೆಲೆ

ನಿಯಮದ ಪ್ರಕಾರ ಬಿಳಿಯೇ ಮೊದಲು ನಡೆಯಬೇಕು. ಪ್ರಬಲ ಆಟಗಾರರ ಸಾವಿರಾರು ಆಟಗಳನ್ನು ಒಟ್ಟಿಗೆ ಎಣಿಸಿದರೆ ನೂರು ಅಂಕಗಳಲ್ಲಿ ಬಿಳಿಗೆ ಸಿಗುವುದು 54 ಅಥವಾ 55ರ ಆಸುಪಾಸು. ಅಂದರೆ ಮೊದಲ ನಡೆಯಿಂದ ಬರುವ ಲಾಭ ಇದೆ, ಆದರೆ ಸಣ್ಣದು, ಮತ್ತು ಬಹಳ ಸುಲಭವಾಗಿ ಕಳೆದುಹೋಗುವಂಥದ್ದು. ಈ ಲಾಭವು ಹಲಗೆಯ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಲು ಒಂದು ಚಿಕ್ಕ ಪ್ರಯೋಗ ಮಾಡಿ. ಬಿಳಿ ಇ4 ಆಡಲಿ, ಕಪ್ಪು ಇ5 ಆಡಲಿ. ಬಿಳಿಯ ಕುದುರೆ ಎಫ್3ಕ್ಕೆ ಬಂದರೆ ಕಪ್ಪಿನ ಕುದುರೆ ಎಫ್6ಕ್ಕೆ ಬರಲಿ. ಬಿಳಿಯ ಕುದುರೆ ಇ5ರ ಪದಾತಿಯನ್ನು ಹೊಡೆದರೆ ಕಪ್ಪಿನ ಕುದುರೆಯೂ ಅದೇ ರೀತಿ ಇ4ರ ಪದಾತಿಯನ್ನು ಹೊಡೆಯಲಿ. ಈಗ ಬಿಳಿ ತನ್ನ ರಾಣಿಯನ್ನು ಇ2ಕ್ಕೆ ತಂದು ಆ ಕುದುರೆಯನ್ನು ಕೆಣಕುತ್ತದೆ. ಕಪ್ಪು ಗಾಬರಿಯಿಂದ ಕುದುರೆಯನ್ನು ಎಫ್6ಕ್ಕೆ ಹಿಂದೆಗೆದುಕೊಂಡರೆ ಬಿಳಿಯ ಕುದುರೆ ಇ5ರಿಂದ ಸಿ6ಕ್ಕೆ ಜಿಗಿಯುತ್ತದೆ. ಕುದುರೆ ಸರಿದ ಜಾಗದಿಂದ ರಾಣಿಯ ಚೆಕ್ ಬೀಳುತ್ತದೆ, ಅದೇ ಹೊತ್ತಿಗೆ ಕುದುರೆ ಡಿ8ರಲ್ಲಿರುವ ಕಪ್ಪು ರಾಣಿಯ ಮೇಲೆ ಕಣ್ಣಿಟ್ಟಿರುತ್ತದೆ. ಐದು ನಡೆಗಳಲ್ಲಿ ರಾಣಿ ಹೋಯಿತು.

ಕಪ್ಪು ಎಲ್ಲಿಯೂ ಅವಿವೇಕದ ನಡೆ ಆಡಿದಂತೆ ಕಾಣಲಿಲ್ಲ. ಎದುರಾಳಿಯನ್ನು ಕನ್ನಡಿಯಂತೆ ಅನುಸರಿಸಿತು, ಅಷ್ಟೇ. ಆದರೆ ಕನ್ನಡಿ ಯಾವಾಗಲೂ ಒಂದು ನಡೆ ಹಿಂದಿರುತ್ತದೆ. ಕುದುರೆಗೆ ಕುದುರೆಯಿಂದಲೇ ಉತ್ತರಿಸುವ ಈ ಓಪನಿಂಗ್‌ಗೆ ಪೆಟ್ರೋಫ್ ರಕ್ಷಣೆ ಎಂದು ಹೆಸರು. ಇದರಲ್ಲಿ ಕಪ್ಪು ಇ4ನ್ನು ಹೊಡೆಯುವ ಮೊದಲು ಡಿ6 ಆಡಿ ಬಿಳಿಯ ಕುದುರೆಯನ್ನು ಓಡಿಸಿದರೆ ಆಟ ಸಂಪೂರ್ಣ ಸಮತೋಲನಕ್ಕೆ ಬರುತ್ತದೆ, ಮತ್ತು ಕ್ರಾಮ್ನಿಕ್ ಅವರು ಇದೇ ರಕ್ಷಣೆಯನ್ನು ವರ್ಷಗಟ್ಟಲೆ ಜಗತ್ತಿನ ಶ್ರೇಷ್ಠ ಆಟಗಾರರ ಮುಂದೆ ಗಟ್ಟಿಯಾಗಿ ನಿಲ್ಲಿಸಿದ್ದರು. ಅನುಕರಿಸುವ ನಡೆಗೂ ಉತ್ತರ ಕೊಡುವ ನಡೆಗೂ ಇರುವ ವ್ಯತ್ಯಾಸವನ್ನು ಹೊಸಬರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬಿಳಿಯಲ್ಲಿ ಆಡುವಾಗ

ಬಿಳಿಯ ಕೈಯಲ್ಲಿರುವುದು ಒಂದೇ ಒಂದು ನಡೆಯ ಮುಂಗಡ. ಅದನ್ನು ಜಾಗವಾಗಿ, ಕಾಯಿಗಳ ಒಳ್ಳೆಯ ನೆಲೆಯಾಗಿ ಅಥವಾ ಎದುರಾಳಿಯ ದುರ್ಬಲ ಪದಾತಿಯಾಗಿ ಪರಿವರ್ತಿಸಿಕೊಳ್ಳುವುದೇ ಬಿಳಿಯ ಕೆಲಸ. ಆದ್ದರಿಂದ ಬಿಳಿಯಲ್ಲಿ ಕುಳಿತಾಗ ಪ್ರತಿ ನಡೆಗೂ ಮುನ್ನ ನಿಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ನಡೆಯ ನಂತರ ಎದುರಾಳಿ ಯಾವುದಕ್ಕಾದರೂ ಉತ್ತರ ಕೊಡಲೇಬೇಕೆ, ಅಥವಾ ತನಗೆ ಇಷ್ಟ ಬಂದದ್ದನ್ನು ಆಡಬಹುದೇ? ಮೊದಲ ಹತ್ತು ನಡೆಗಳಲ್ಲಿ ಮೂರು ನಾಲ್ಕು ಬಾರಿ ಇಷ್ಟ ಬಂದದ್ದನ್ನು ಆಡಬಹುದು ಎಂಬ ಉತ್ತರ ಬಂದರೆ ನಿಮ್ಮ ಮುಂಗಡ ಕರಗಿದೆ ಎಂದು ತಿಳಿಯಬೇಕು. ಭಯದಿಂದ ಎಚ್3 ಅಥವಾ ಎ3 ಆಡುವುದು, ಹೊರಬಂದ ಕುದುರೆಯನ್ನೇ ಮತ್ತೆ ಮತ್ತೆ ಕುಣಿಸುವುದು, ರಾಣಿಯನ್ನು ಬೇಗ ತಂದು ಅದಕ್ಕೆ ಬೆನ್ನಟ್ಟಿಸಿಕೊಳ್ಳುವುದು, ಇವೆಲ್ಲ ಬಿಳಿಯನ್ನು ಸದ್ದಿಲ್ಲದೆ ಕಪ್ಪಾಗಿಸುತ್ತವೆ.

ಹಾಗೆಂದು ಎಚ್3 ಎಂಬ ನಡೆಯೇ ಕೆಟ್ಟದ್ದಲ್ಲ. ಬಾನ್‌ನ ಆರನೆಯ ಆಟವನ್ನು ನೋಡಿ. ಆನಂದ್ ಅವರಿಗೆ ಬಿಳಿ, ಓಪನಿಂಗ್ ಡಿ4ಕ್ಕೆ ಕಪ್ಪು ಕೊಡುವ ಉತ್ತರಗಳಲ್ಲೊಂದಾದ ನಿಮ್ಜೊ-ಇಂಡಿಯನ್ ರಕ್ಷಣೆ. ಕ್ರಾಮ್ನಿಕ್ ತಮ್ಮ ರಾಣಿಯನ್ನು ಎಫ್5ಕ್ಕೆ ತಂದು ರಾಣಿಗಳ ವಿನಿಮಯಕ್ಕೆ ಆಹ್ವಾನ ಕೊಟ್ಟರು. ರಾಣಿಗಳು ಹಲಗೆಯಿಂದ ಇಳಿದರೆ ಬಿಳಿಯ ಪ್ರಶ್ನೆಗಳ ಮೊನೆ ಮೊಂಡಾಗುತ್ತಿತ್ತು. ಆನಂದ್ ಅದನ್ನು ಒಪ್ಪದೆ ತಮ್ಮ ರಾಣಿಯನ್ನು ಬಿ3ಕ್ಕೆ ಸರಿಸಿದರು, ಅನಂತರ ಎಚ್3 ಆಡಿ, ಅದರ ಬಲದಿಂದ ಜಿ4 ನೂಕಿ, ಕಪ್ಪು ರಾಣಿಯನ್ನು ಅದರ ಜಾಗದಿಂದ ಎಬ್ಬಿಸಿದರು. ಅಲ್ಲಿ ಎಚ್3 ಹೆದರಿಕೆಯಿಂದ ಹುಟ್ಟಿದ ನಡೆಯಲ್ಲ. ಮುಂದಿನ ಪ್ರಶ್ನೆಗೆ ಹಾಕಿದ ಅಡಿಪಾಯ. ಒಂದೇ ಪದಾತಿಯ ಒಂದೇ ಮನೆಯ ಚಲನೆ ಒಬ್ಬರ ಆಟದಲ್ಲಿ ಸಮಯದ ನಷ್ಟವೂ ಇನ್ನೊಬ್ಬರ ಆಟದಲ್ಲಿ ಸಮಯದ ಗಳಿಕೆಯೂ ಆಗುವುದು ಹೀಗೆ. ನಿಮ್ಮ ಹಳೆಯ ಆಟಗಳ ಹಾಳೆಗಳನ್ನು ತೆಗೆದು, ಬಿಳಿಯಲ್ಲಿ ನೀವು ಆಡಿದ ಇಂಥ ಪ್ರತಿಯೊಂದು ಸಣ್ಣ ನಡೆಯ ಪಕ್ಕದಲ್ಲಿ ಅದರ ಮುಂದಿನ ಪ್ರಶ್ನೆ ಏನಾಗಿತ್ತು ಎಂದು ಬರೆಯಲು ಪ್ರಯತ್ನಿಸಿ. ಬರೆಯಲಾಗದ ಕಡೆ ಒಂದು ಗುರುತು ಹಾಕಿ.

ಇನ್ನೊಂದು ಮಾತು. ಬಾನ್‌ಗೆ ಬರುವವರೆಗೂ ಆನಂದ್ ಅವರ ಹೆಸರು ಇ4ರ ಜೊತೆಗೇ ಗುರುತಿಸಲ್ಪಡುತ್ತಿತ್ತು. ಎರಡನೆಯ ಆಟದಲ್ಲಿ ಅವರು ಡಿ4 ಆಡಿದರು, ಸರಣಿಯುದ್ದಕ್ಕೂ ಡಿ4ಕ್ಕೇ ಅಂಟಿಕೊಂಡರು, ಮತ್ತು ಡ್ರಾ ಸಾಕಾಗಿದ್ದ ಕೊನೆಯ ಆಟದಲ್ಲಿ ಮಾತ್ರ ಇ4ಕ್ಕೆ ಮರಳಿದರು. ಹೀಗೆ ಕ್ರಾಮ್ನಿಕ್ ಅವರ ಪೆಟ್ರೋಫ್ ಸರಣಿಯ ಉದ್ದಕ್ಕೂ ಹಲಗೆಯ ಮೇಲೆ ಬರಲೇ ಇಲ್ಲ. ಯಾವ ವಿಷಯದ ಮೇಲೆ ಮಾತುಕತೆ ನಡೆಯಬೇಕು ಎಂದು ಮೊದಲು ಸೂಚಿಸುವ ಹಕ್ಕು ಬಿಳಿಯದು, ಮತ್ತು ಎದುರಾಳಿಗೆ ಯಾವುದು ಚೆನ್ನಾಗಿ ಗೊತ್ತು ಎಂಬ ತಿಳಿವಳಿಕೆ ಇದ್ದರೆ ಆ ಹಕ್ಕಿನ ಬೆಲೆ ಹೆಚ್ಚುತ್ತದೆ. ಆದರೂ ಹೊಸಬರು ಒಂದೆರಡು ವರ್ಷ ಒಂದೇ ಮೊದಲ ನಡೆಯನ್ನು ಹಿಡಿದು ಆಡುವುದೇ ಒಳ್ಳೆಯದು. ಆಯ್ಕೆ ಬದಲಿಸುವ ಮೊದಲು ಬದಲಿಸಲು ಏನಾದರೂ ಇರಬೇಕಲ್ಲವೇ?

ಕಪ್ಪಿನಲ್ಲಿ ಆಡುವಾಗ

ಕಪ್ಪಿನ ಕೆಲಸ ಎರಡು ಹಂತದ್ದು, ಮತ್ತು ಬಹಳ ಜನ ಮೊದಲ ಹಂತದಲ್ಲೇ ನಿಂತುಬಿಡುತ್ತಾರೆ. ಬಿಳಿಯ ಮುಂಗಡವನ್ನು ಕರಗಿಸಿ ಆಟವನ್ನು ಸಮಕ್ಕೆ ತರುವುದು ಮೊದಲನೆಯದು. ಸಮಕ್ಕೆ ಬಂದ ಗಳಿಗೆಯನ್ನು ಗುರುತಿಸಿ ತಾನೇ ಪ್ರಶ್ನೆ ಕೇಳಲು ಆರಂಭಿಸುವುದು ಎರಡನೆಯದು.

ಮೊದಲ ಹಂತಕ್ಕೆ ಬಗೆಬಗೆಯ ದಾರಿಗಳಿವೆ. ಅತ್ಯಂತ ಗಟ್ಟಿಯಾದ ದಾರಿಯ ಮಾದರಿ ಎಂದರೆ 2000ದಲ್ಲಿ ಲಂಡನ್‌ನಲ್ಲಿ ಕ್ರಾಮ್ನಿಕ್ ಅವರು ಆಗಿನ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರ ಎದುರು ಕಟ್ಟಿದ ‘ಬರ್ಲಿನ್ ಗೋಡೆ’ ಎಂಬ ರಕ್ಷಣೆ. ಆ ಓಪನಿಂಗ್‌ನಲ್ಲಿ ಎಂಟನೆಯ ನಡೆಗೇ ರಾಣಿಗಳು ವಿನಿಮಯವಾಗುತ್ತವೆ, ಕಪ್ಪು ರಾಜ ಕ್ಯಾಸ್ಲಿಂಗ್ ಮಾಡುವ, ಅಂದರೆ ಆನೆಯ ಜೊತೆಗೂಡಿ ಒಂದೇ ನಡೆಯಲ್ಲಿ ಸುರಕ್ಷಿತ ಬದಿಗೆ ಸರಿಯುವ, ಹಕ್ಕನ್ನು ಕಳೆದುಕೊಳ್ಳುತ್ತಾನೆ, ಸಿ ಸಾಲಿನಲ್ಲಿ ಪದಾತಿಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ. ನೋಡಲು ಕಪ್ಪಿಗೆ ಎಲ್ಲವೂ ನಷ್ಟವೇ. ಆದರೆ ಕಪ್ಪಿನ ಬಳಿ ಎರಡೂ ಒಂಟೆಗಳು ಉಳಿಯುತ್ತವೆ, ಮತ್ತು ದಾಳಿಗೆ ಬೇಕಾದ ರಾಣಿ ಬಿಳಿಯ ಬಳಿ ಇರುವುದಿಲ್ಲ. ಆ ಕಾಲದ ಅತಿ ಭೀಕರ ದಾಳಿಗಾರನೆನಿಸಿದ್ದ ಕಾಸ್ಪರೋವ್ ಹದಿನೈದು ಆಟಗಳಲ್ಲಿ ಒಂದನ್ನೂ ಗೆಲ್ಲಲಾಗದೆ ಕಿರೀಟ ಕಳೆದುಕೊಂಡರು. ಕ್ರಾಮ್ನಿಕ್ ಗೆದ್ದ ಎರಡೂ ಆಟಗಳು ಅವರು ಬಿಳಿಯಲ್ಲಿ ಆಡಿದವು. ಅಂದರೆ ಕಪ್ಪಿನಲ್ಲಿ ಬಾಗಿಲು ಮುಚ್ಚಿ, ಬಿಳಿಯಲ್ಲಿ ಗೆಲ್ಲುವುದು ಅವರ ಸರಣಿಯ ಲೆಕ್ಕಾಚಾರವಾಗಿತ್ತು.

ಸರಣಿಯಲ್ಲಿ ಒಬ್ಬನೇ ಎದುರಾಳಿ ಇರುವುದರಿಂದ ಈ ಲೆಕ್ಕಾಚಾರ ಚೆನ್ನಾಗಿ ನಡೆಯುತ್ತದೆ. ಒಂಬತ್ತು ಸುತ್ತಿನ ಓಪನ್ ಟೂರ್ನಿಯಲ್ಲಿ ಆಡುವವರು ಕಪ್ಪಿನಲ್ಲಿ ಬರೀ ಡ್ರಾಗಳನ್ನೇ ಕೂಡಿಸುತ್ತಾ ಹೋದರೆ ಬಹುಮಾನದ ಹತ್ತಿರಕ್ಕೂ ಹೋಗಲಾರರು. ಆದ್ದರಿಂದ ನಮ್ಮಂಥವರಿಗೆ ಹೆಚ್ಚು ಉಪಯುಕ್ತವಾದದ್ದು ಎರಡನೆಯ ಬಗೆ: ಆರಂಭದಿಂದಲೇ ಬಿಳಿಯ ಆಕಾರಕ್ಕಿಂತ ಬೇರೆಯದಾದ ಆಕಾರವನ್ನು ಕಟ್ಟುವುದು. ಇ4ಕ್ಕೆ ಸಿ5 ಎಂದು ಉತ್ತರಿಸುವ ಸಿಸಿಲಿಯನ್, ಡಿ4ಕ್ಕೆ ಎದುರಾಗಿ ನಿಲ್ಲುವ ಇಂಡಿಯನ್ ರಕ್ಷಣೆಗಳು, ಡಿ5ರ ಪದಾತಿಗೆ ಸಿ6ರ ಪದಾತಿಯ ಬೆಂಬಲ ಕೊಡುವ ಸ್ಲಾವ್ ಮತ್ತು ಸೆಮಿ-ಸ್ಲಾವ್‌ನ ಹರಿತವಾದ ಶಾಖೆಗಳು ಈ ಬಗೆಯವು. ಇವುಗಳಲ್ಲಿ ಎರಡೂ ಬದಿಗಳ ಪದಾತಿಗಳು ಬೇರೆ ಬೇರೆ ಕಡೆ ಬಲಶಾಲಿಯಾಗಿರುತ್ತವೆ, ಆದ್ದರಿಂದ ಒಂದು ನಡೆಯ ಮುಂಗಡಕ್ಕಿಂತ ಯಾರು ತಮ್ಮ ಬಲವನ್ನು ಸರಿಯಾದ ಜಾಗದಲ್ಲಿ ಬಳಸುತ್ತಾರೆ ಎಂಬುದು ಮುಖ್ಯವಾಗುತ್ತದೆ.

ಯಾವ ರಕ್ಷಣೆಯನ್ನೇ ಆರಿಸಿಕೊಳ್ಳಿ, ಅದರಲ್ಲಿ ಬಿಳಿಯ ಮಧ್ಯಭಾಗವನ್ನು ಒಡೆಯುವ ಪದಾತಿಯ ನಡೆ ಯಾವುದು ಎಂಬುದನ್ನು ಮೊದಲು ಕಂಡುಕೊಳ್ಳಿ. ಕೆಲವದರಲ್ಲಿ ಅದು ಸಿ5, ಕೆಲವದರಲ್ಲಿ ಇ5, ಮತ್ತೆ ಕೆಲವದರಲ್ಲಿ ಡಿ5. ಆ ನಡೆಯನ್ನು ಆಡಲಾಗದೆ ಹೋದ ಕಪ್ಪು ಉಸಿರುಗಟ್ಟಿ ಸೋಲುತ್ತದೆ; ಸಿದ್ಧತೆಯಿಲ್ಲದೆ ಆಡಿದ ಕಪ್ಪು ಕೂಡಲೇ ಸೋಲುತ್ತದೆ. ಹೀಗಾಗಿ ಕಪ್ಪಿನ ಓಪನಿಂಗ್ ಕಲಿಯುವುದೆಂದರೆ ಇಪ್ಪತ್ತು ನಡೆಗಳ ಬಾಯಿಪಾಠವಲ್ಲ, ಆ ಒಂದು ಒಡೆಯುವ ನಡೆಗೆ ಸರಿಯಾದ ಹೊತ್ತನ್ನು ಕಲಿಯುವುದು.

ಬಾನ್‌ನ ಎರಡು ಆಟಗಳನ್ನು ಎರಡೂ ಕುರ್ಚಿಗಳಿಂದ ನೋಡುವ ಬಗೆ

ಈಗ ಹಲಗೆಯನ್ನು ಸಿದ್ಧಪಡಿಸಿ. ಮೂರನೆಯ ಮತ್ತು ಐದನೆಯ ಆಟಗಳೆರಡೂ ಹದಿನಾಲ್ಕನೆಯ ನಡೆಯವರೆಗೆ ಒಂದೇ ಆಗಿವೆ. ಬಿಳಿ ಡಿ4, ಕಪ್ಪು ಡಿ5. ಬಿಳಿ ಸಿ4, ಕಪ್ಪು ಸಿ6. ಬಿಳಿಯ ಕುದುರೆ ಎಫ್3, ಕಪ್ಪಿನ ಕುದುರೆ ಎಫ್6. ಬಿಳಿಯ ಕುದುರೆ ಸಿ3, ಕಪ್ಪು ಇ6. ಬಿಳಿ ಇ3, ಕಪ್ಪಿನ ಇನ್ನೊಂದು ಕುದುರೆ ಡಿ7. ಆರನೆಯ ನಡೆಯಲ್ಲಿ ಬಿಳಿಯ ಒಂಟೆ ಡಿ3ಕ್ಕೆ ಬರುತ್ತದೆ, ಕಪ್ಪು ಪದಾತಿ ಸಿ4ನ್ನು ಹೊಡೆಯುತ್ತದೆ; ಬಿಳಿಯ ಒಂಟೆ ಸಿ4ರಲ್ಲಿ ಮರಳಿ ಹೊಡೆಯುತ್ತದೆ, ಕಪ್ಪು ಬಿ5 ನೂಕುತ್ತದೆ; ಒಂಟೆ ಡಿ3ಕ್ಕೆ ಹಿಂದಿರುಗುತ್ತದೆ, ಕಪ್ಪು ಎ6 ಆಡುತ್ತದೆ; ಬಿಳಿ ಇ4 ನೂಕುತ್ತದೆ, ಕಪ್ಪು ಸಿ5 ನೂಕುತ್ತದೆ. ಹತ್ತನೆಯ ನಡೆಯಲ್ಲಿ ಬಿಳಿ ಇ5 ಆಡಿ ಕುದುರೆಯನ್ನು ಬೆದರಿಸಿದರೆ ಕಪ್ಪು ಅದನ್ನು ಲೆಕ್ಕಿಸದೆ ಡಿ4ರ ಪದಾತಿಯನ್ನು ಹೊಡೆಯುತ್ತದೆ. ಬಿಳಿಯ ಕುದುರೆ ಬಿ5ರ ಪದಾತಿಯನ್ನು ಹೊಡೆಯುತ್ತದೆ, ಕಪ್ಪಿನ ಎ ಪದಾತಿ ಆ ಕುದುರೆಯನ್ನು ಹೊಡೆಯುತ್ತದೆ; ಬಿಳಿಯ ಇ ಪದಾತಿ ಎಫ್6ರ ಕುದುರೆಯನ್ನು ಹೊಡೆಯುತ್ತದೆ, ಕಪ್ಪಿನ ಜಿ ಪದಾತಿ ಅದನ್ನು ಹೊಡೆಯುತ್ತದೆ. ಬಿಳಿ ರಾಜನ ಬದಿಗೆ ಕ್ಯಾಸ್ಲಿಂಗ್ ಮಾಡುತ್ತದೆ, ಕಪ್ಪು ರಾಣಿ ಬಿ6ಕ್ಕೆ ಬರುತ್ತದೆ. ಬಿಳಿ ರಾಣಿ ಇ2ಕ್ಕೆ ಬರುತ್ತದೆ. ಇಲ್ಲಿ ಆನಂದ್ ಒಂಟೆಯನ್ನು ಬಿ7ಕ್ಕೆ ಇಟ್ಟರು.

ಇಲ್ಲಿಗೆ ನಿಲ್ಲಿಸಿ. ಮುಂದಿನ ನಡೆಗಳನ್ನು ನೋಡದೆ ಮೊದಲು ಬಿಳಿಯ ಬದಿಗೆ ಕುಳಿತು ಕಾಲು ಗಂಟೆ ಯೋಚಿಸಿ. ಬಿಳಿಯ ರಾಜ ಕ್ಯಾಸ್ಲಿಂಗ್ ಮಾಡಿ ಮೂಲೆಯಲ್ಲಿದ್ದಾನೆ, ಕಪ್ಪಿನ ರಾಜ ಇನ್ನೂ ನಡುಮಧ್ಯದಲ್ಲಿದ್ದಾನೆ, ಕಪ್ಪಿನ ಎಫ್ ಪದಾತಿಗಳು ಒಂದರ ಮುಂದೆ ಒಂದು ನಿಂತಿವೆ, ಮೇಲಾಗಿ ಬಿ5ರ ಪದಾತಿ ಪುಕ್ಕಟೆಯಾಗಿ ಕಾಣುತ್ತಿದೆ. ಬಿಳಿಗೆ ಇದಕ್ಕಿಂತ ಇನ್ನೇನು ಬೇಕು ಎನ್ನಿಸುತ್ತದೆ. ಈಗ ಎದ್ದು ಎದುರಿನ ಕುರ್ಚಿಯಲ್ಲಿ ಕುಳಿತು ಮತ್ತೆ ಕಾಲು ಗಂಟೆ ಅದೇ ಸ್ಥಿತಿಯನ್ನು ನೋಡಿ. ಪದಾತಿ ಜಿ7ರಿಂದ ಎಫ್6ಕ್ಕೆ ಹೋದದ್ದರಿಂದ ಜಿ ಸಾಲು ಕಪ್ಪಿನ ಕಡೆಯಿಂದ ಬಿಳಿಯ ಜಿ2 ಪದಾತಿಯವರೆಗೆ ತೆರೆದಿದೆ, ಎಚ್8ರ ಆನೆ ಒಂದೇ ನಡೆಯಲ್ಲಿ ಅಲ್ಲಿಗೆ ಬರುತ್ತದೆ. ಬಿ7ರ ಒಂಟೆ ಓರೆ ಸಾಲಿನುದ್ದಕ್ಕೂ ಜಿ2ರತ್ತ ನೋಡುತ್ತಿದೆ. ಡಿ4ರ ಪದಾತಿ ಬಿಳಿಯ ಕಾಯಿಗಳ ಗಂಟಲಿಗೆ ಅಡ್ಡ ನಿಂತಿದೆ. ಬಿ5ರ ಪದಾತಿಯನ್ನು ಕೊಟ್ಟು ಕಪ್ಪು ಕೊಂಡುಕೊಂಡದ್ದು ಸಮಯವನ್ನು. ಆರಂಭದಲ್ಲಿ ಬಿಳಿಯ ಕೈಯಲ್ಲಿದ್ದ ಮುಂಗಡ ಹದಿನಾಲ್ಕನೆಯ ನಡೆಯ ಹೊತ್ತಿಗೆ ಕಪ್ಪಿನ ಕೈಗೆ ಬಂದಿದೆ. ಒಂದೇ ಸ್ಥಿತಿ ಎರಡು ಕುರ್ಚಿಗಳಿಂದ ಇಷ್ಟು ಬೇರೆಯಾಗಿ ಕಾಣುವುದನ್ನು ಸ್ವತಃ ಅನುಭವಿಸದೆ ಈ ಪಾಠ ಮನಸ್ಸಿಗೆ ಇಳಿಯುವುದಿಲ್ಲ.

ನಿಮ್ಮ ಎರಡೂ ಯೋಚನೆಗಳನ್ನು ಬರೆದಿಟ್ಟ ಮೇಲೆ ಮೂರನೆಯ ಆಟವನ್ನು ಮುಂದುವರಿಸಿ. ಬಿಳಿ ಬಿ5ನ್ನು ಹೊಡೆಯಿತು, ಆನಂದ್ ಇನ್ನೊಂದು ಒಂಟೆಯನ್ನು ಡಿ6ಕ್ಕೆ ತಂದರು, ಅನಂತರ ಆನೆ ಜಿ8ಕ್ಕೆ, ಅಲ್ಲಿಂದ ಜಿ4ಕ್ಕೆ. ಕ್ರಾಮ್ನಿಕ್ ಕೈಕಟ್ಟಿ ಕೂರಲಿಲ್ಲ. ಕಪ್ಪಿನ ರಾಜನ ಮುಂದಿನ ಇ6 ಪದಾತಿಯನ್ನು ಕುದುರೆ ಕೊಟ್ಟು ಹೊಡೆದರು. ಇಬ್ಬರೂ ದಾಳಿ ಮಾಡುತ್ತಿದ್ದ ಆ ಗೊಂದಲದಲ್ಲಿ ಕಪ್ಪಿನ ರಾಜ ಎಫ್8, ಜಿ7, ಎಚ್6 ಎಂದು ತಾನೇ ನಡೆದು ಆಸರೆ ಕಂಡುಕೊಂಡ, ಬಿಳಿಯ ರಾಜನಿಗೆ ಅಂಥ ಆಸರೆ ಸಿಗಲಿಲ್ಲ. 41ನೆಯ ನಡೆಗೆ ಕ್ರಾಮ್ನಿಕ್ ಸೋಲೊಪ್ಪಿದರು.

ಎರಡು ಆಟಗಳ ನಂತರ ಮತ್ತೆ ಬಿಳಿ ಸಿಕ್ಕಾಗ ಕ್ರಾಮ್ನಿಕ್ ಅದೇ ದಾರಿಗೆ ಮರಳಿದರು. ಇದರಲ್ಲಿ ತಪ್ಪೇನೂ ಇಲ್ಲ. ಸೋತ ಆಟವನ್ನು ಮನೆಯಲ್ಲಿ ಪರಿಶೀಲಿಸಿ ಉತ್ತಮ ನಡೆ ಹುಡುಕಿದ ಯಾವ ಆಟಗಾರನೂ ಹಾಗೆ ಮಾಡಬಹುದು. ಆದರೆ ಪೀಟರ್ ಹೈನೆ ನೀಲ್ಸನ್, ರುಸ್ತಮ್ ಕಾಸಿಮ್‌ಜಾನೊವ್, ರಾಡೊಸ್ಲಾವ್ ವೊಯ್ತಾಶೆಕ್, ಸೂರ್ಯಶೇಖರ ಗಂಗೂಲಿ ಅವರಿದ್ದ ಆನಂದ್ ತಂಡವೂ ಸಿದ್ಧವಾಗಿತ್ತು. ಬಿಳಿ ಬಿ5ನ್ನು ಹೊಡೆದ ಕೂಡಲೇ ಆನಂದ್ ಒಂಟೆಯ ಬದಲು ಆನೆಯನ್ನೇ ಮೊದಲು ಜಿ8ಕ್ಕೆ ಇಟ್ಟರು. ನಡೆಗಳ ಕ್ರಮ ಬದಲಾದದ್ದರಿಂದ ಬಿಳಿಯ ಮನೆಪಾಠ ನಿರುಪಯೋಗಿಯಾಯಿತು, ಯೋಚನೆ ಮತ್ತೆ ಹಲಗೆಯ ಮೇಲೇ ಆರಂಭವಾಗಬೇಕಾಯಿತು. ವಿಷಯ ಸೂಚಿಸುವ ಹಕ್ಕು ಬಿಳಿಯದು ಎಂದು ಮೇಲೆ ಹೇಳಿದೆ. ಸಿದ್ಧತೆ ಆಳವಾಗಿದ್ದರೆ ಆ ಹಕ್ಕನ್ನೂ ಕಪ್ಪು ಕಸಿದುಕೊಳ್ಳಬಹುದು ಎಂಬುದಕ್ಕೆ ಇದು ಸಾಕ್ಷಿ.

ಐದನೆಯ ಆಟದ ಕೊನೆಯನ್ನು ಎಷ್ಟು ಬಾರಿ ನೋಡಿದರೂ ನನಗೆ ತಣಿಯುವುದಿಲ್ಲ. 29ನೆಯ ನಡೆಯಲ್ಲಿ ಕ್ರಾಮ್ನಿಕ್ ತಮ್ಮ ಕುದುರೆಯಿಂದ ಡಿ4ರ ಪದಾತಿಯನ್ನು ಹೊಡೆದರು. ಕಪ್ಪು ರಾಣಿ ಆ ಕುದುರೆಯನ್ನು ಹೊಡೆಯಿತು, ಬಿಳಿಯ ಆನೆ ಡಿ1ಕ್ಕೆ ಬಂದು ರಾಣಿಯನ್ನು ಹಿಡಿಯಿತು, ಕಪ್ಪಿನ ಕುದುರೆ ಎಫ್6ಕ್ಕೆ ಬಂದು ಜಿ4ರಲ್ಲಿದ್ದ ಬಿಳಿಯ ರಾಣಿಯನ್ನು ಹಿಡಿಯಿತು. ಎರಡೂ ರಾಣಿಗಳು ಹೋದವು. ಬಿಳಿಯ ಆನೆ ಡಿ7ರಲ್ಲಿ ಚೆಕ್ ಕೊಟ್ಟು ಬಿ7ರ ಒಂಟೆಯನ್ನೂ ಹೊಡೆಯಿತು, ಲೆಕ್ಕದಲ್ಲಿ ಬಿಳಿಯೇ ಮುಂದಿರುವಂತೆ ಕಂಡಿತು. ಆಗ ಕಪ್ಪಿನ ಆನೆ ಸಿ1ರಲ್ಲಿ ಚೆಕ್ ಕೊಟ್ಟಿತು, ಬಿಳಿಯ ಒಂಟೆ ಎಫ್1ಕ್ಕೆ ಅಡ್ಡ ಬಂದು ಅಲ್ಲೇ ಕಟ್ಟಿಬಿತ್ತು, ಮತ್ತು ಕಪ್ಪಿನ ಕುದುರೆ ಇ3ಕ್ಕೆ ಜಿಗಿದು ತನ್ನನ್ನೇ ಬಲಿ ಕೊಟ್ಟಿತು. ಎಫ್2ರ ಪದಾತಿ ಅದನ್ನು ಹೊಡೆದರೆ ಎಫ್4ರ ಕಪ್ಪು ಪದಾತಿ ಇ3ಕ್ಕೆ ಹೊಡೆದು ಬರುತ್ತದೆ, ಮುಂದೆ ಇ2. ಅದನ್ನು ತಡೆಯಲು ಬಿಳಿಯ ಬಳಿ ಕಾಯಿ ಇಲ್ಲ. 35ನೆಯ ನಡೆಯ ನಂತರ ಆಟ ಮುಗಿಯಿತು. ಬಿಳಿ ಡಿ4ನ್ನು ಹೊಡೆದಾಗ ತಾನು ಪ್ರಶ್ನೆ ಕೇಳುತ್ತಿದ್ದೇನೆ ಎಂದುಕೊಂಡಿತ್ತು. ನಿಜವಾದ ಕೊನೆಯ ಪ್ರಶ್ನೆ ಕಪ್ಪಿನ ಬಳಿ ಇತ್ತು.

ಕೈ ಬದಲಾಗುವ ಗಳಿಗೆ

ಆಟ ನಡೆಯುತ್ತಿರುವಾಗ ಪಾತ್ರಗಳು ಬದಲಾದದ್ದನ್ನು ತಿಳಿಯುವುದೇ ಕಷ್ಟದ ಕೆಲಸ. ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಉಪಾಯ ಸರಳವಾದದ್ದು: ಕಳೆದ ಮೂರು ನಡೆಗಳಲ್ಲಿ ಯಾರು ಯಾರ ಬೆದರಿಕೆಗೆ ಉತ್ತರ ಕೊಟ್ಟರು ಎಂದು ಎಣಿಸಿ. ಮೂರರಲ್ಲಿ ಎರಡು ಬಾರಿ ಬಿಳಿಯೇ ಉತ್ತರ ಕೊಟ್ಟಿದ್ದರೆ ಹಾಳೆಯ ಮೇಲೆ ನಿಮ್ಮ ಹೆಸರು ಯಾವ ಕಡೆ ಇದ್ದರೂ ಈಗ ಮುನ್ನಡೆಸುತ್ತಿರುವುದು ಕಪ್ಪು. ಬಿಳಿಯಲ್ಲಿರುವವರು ಇದನ್ನು ಒಪ್ಪಿಕೊಳ್ಳದೆ, ತಾನು ಬಿಳಿ, ಆದ್ದರಿಂದ ಗೆಲ್ಲಲೇಬೇಕು ಎಂದು ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ 2010ರಲ್ಲಿ ಸೋಫಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಸರಣಿಯ ಕೊನೆಯ ಆಟವಿದೆ. ಆನಂದ್ ಮತ್ತು ಬಲ್ಗೇರಿಯಾದ ವೆಸೆಲಿನ್ ಟೊಪಾಲೊವ್ ಹನ್ನೊಂದು ಆಟಗಳ ನಂತರ ಸಮಸಮವಾಗಿದ್ದರು. ಆನಂದ್‌ಗೆ ಕಪ್ಪು. ಅವರು ಆರಿಸಿಕೊಂಡದ್ದು ಲಾಸ್ಕರ್ ರಕ್ಷಣೆ ಎಂಬ ಹಳೆಯ, ಶಾಂತ ದಾರಿ. ಅದರಲ್ಲಿ ಕಪ್ಪಿನ ಕುದುರೆ ಇ4ಕ್ಕೆ ಬಂದು ಕಾಯಿಗಳ ವಿನಿಮಯ ಮಾಡಿಸುತ್ತದೆ, ಏಕೆಂದರೆ ಇಕ್ಕಟ್ಟಿನಲ್ಲಿರುವ ಬದಿಗೆ ಕಾಯಿಗಳು ಕಡಿಮೆಯಾದಷ್ಟೂ ಓಡಾಡಲು ಜಾಗ ಸಿಗುತ್ತದೆ. ಸಮವಾಗಿದ್ದ ಆಟದಲ್ಲಿ ಟೊಪಾಲೊವ್ 31 ಮತ್ತು 32ನೆಯ ನಡೆಗಳಲ್ಲಿ ಪದಾತಿಗಳನ್ನು ಹೊಡೆದು ತಮ್ಮ ರಾಜನತ್ತ ಸಾಗುವ ಓರೆ ಸಾಲನ್ನು ತಾವೇ ತೆರೆದುಕೊಟ್ಟರು. ಅಲ್ಲಿಂದಾಚೆಗೆ ಕಪ್ಪಿನ ರಾಣಿ ಮತ್ತು ಒಂಟೆ ಬಿಳಿಯ ರಾಜನನ್ನು ಬಿಡಲಿಲ್ಲ. ಆನಂದ್ 6.5–5.5ರಿಂದ ಕಿರೀಟ ಉಳಿಸಿಕೊಂಡರು.

2024ರ ಡಿಸೆಂಬರ್ 12ರಂದು ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್ ಸರಣಿಯಲ್ಲಿ ನಡೆದದ್ದು ಇದರ ತಿರುವುಮುರುವು. ಹದಿಮೂರು ಆಟಗಳ ನಂತರ ಭಾರತದ ಡಿ. ಗುಕೇಶ್ ಮತ್ತು ಚೀನಾದ ಚಾಂಪಿಯನ್ ಡಿಂಗ್ ಲಿರೆನ್ ಇಬ್ಬರೂ 6.5ರಲ್ಲಿದ್ದರು. ಕೊನೆಯ ಆಟದಲ್ಲಿ ಬಿಳಿಯಲ್ಲಿದ್ದ ಡಿಂಗ್ ಕಾಯಿಗಳನ್ನು ವಿನಿಮಯ ಮಾಡುತ್ತಾ ಡ್ರಾದತ್ತ ಸಾಗಿದರು. ಒಂದು ಪದಾತಿ ಹೆಚ್ಚಿದ್ದ ಗುಕೇಶ್, ಗೆಲುವಿನ ಆಶೆ ಬಹಳ ಸಣ್ಣದಾಗಿದ್ದರೂ ಆಟ ನಿಲ್ಲಿಸಲಿಲ್ಲ. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟು ತಪ್ಪು ಮಾಡಿದರು. ಗುಕೇಶ್ ಆನೆಗಳನ್ನು ವಿನಿಮಯ ಮಾಡಿ, ಒಂಟೆಯನ್ನು ಡಿ5ಕ್ಕೆ ತಂದು ಒಂಟೆಗಳನ್ನೂ ವಿನಿಮಯ ಮಾಡಿ, ಬರೀ ರಾಜ ಮತ್ತು ಪದಾತಿಗಳ ಗೆಲುವಿನ ಆಟಕ್ಕೆ ಇಳಿಸಿದರು. ಸೋಫಿಯಾದಲ್ಲಿ ಬಿಳಿ ಬೇಡದ ಕಡೆ ಪ್ರಶ್ನೆ ಕೇಳಿತು, ಸಿಂಗಪುರದಲ್ಲಿ ಬಿಳಿ ಕೇಳುವುದನ್ನೇ ಬಿಟ್ಟಿತು.

ವಾರದ ಅಭ್ಯಾಸ

ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳಿ. ಬಾನ್‌ನ ಹದಿನಾಲ್ಕನೆಯ ನಡೆಯ ನಂತರದ ಸ್ಥಿತಿಯಿಂದ ತಲಾ 25 ನಿಮಿಷದ ಎರಡು ಆಟ ಆಡಿ, ಬದಿ ಬದಲಿಸಿಕೊಂಡು. ಬಿಳಿಯಲ್ಲಿ ಆಡುವಾಗ ಕಪ್ಪಿನ ದಾಳಿಯನ್ನು ನಿಲ್ಲಿಸುವ ಕೆಲಸವೂ ಕಪ್ಪಿನಲ್ಲಿ ಆಡುವಾಗ ಮುನ್ನಡೆಸುವ ಕೆಲಸವೂ ನಿಮ್ಮ ಪಾಲಿಗೆ ಬರುತ್ತದೆ. ರೂಢಿಯಾದ ಪಾತ್ರಗಳು ತಲೆಕೆಳಗಾಗುವುದರಿಂದಲೇ ಈ ಸ್ಥಿತಿಯನ್ನು ಆರಿಸಿದ್ದೇನೆ. ಮುಂದಿನ ವಾರ ಲಾಸ್ಕರ್ ರಕ್ಷಣೆಯನ್ನು, ಅದರ ಮುಂದಿನ ವಾರ ಬರ್ಲಿನ್‌ನ ರಾಣಿಗಳಿಲ್ಲದ ಸ್ಥಿತಿಯನ್ನು ಇದೇ ರೀತಿ ಆಡಿ.

ನೋಟ್‌ಬುಕ್ಕಿನ ಎಡ ಪುಟವನ್ನು ಬಿಳಿಗೂ ಬಲ ಪುಟವನ್ನು ಕಪ್ಪಿಗೂ ಮೀಸಲಿಡಿ. ನಿಮ್ಮ ಪ್ರತಿ ಆಟ ಮುಗಿದ ಮೇಲೆ ಮುಂಗಡ ಯಾವ ನಡೆಯಲ್ಲಿ ಕೈ ಬದಲಾಯಿಸಿತು ಎಂದು ನಿಮಗೆ ಅನ್ನಿಸಿದ್ದನ್ನು ಮೊದಲು ಬರೆದು, ಅನಂತರವಷ್ಟೇ ಕಂಪ್ಯೂಟರ್‌ನ ಅಭಿಪ್ರಾಯ ನೋಡಿ. ಈ ಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ; ಕಂಪ್ಯೂಟರ್ ಮೊದಲು ಹೇಳಿಬಿಟ್ಟರೆ ನಿಮ್ಮ ಕಣ್ಣು ಪಳಗುವುದಿಲ್ಲ. ಹತ್ತು ಆಟಗಳಾದ ಮೇಲೆ ಎರಡೂ ಪುಟಗಳನ್ನು ಪಕ್ಕ ಪಕ್ಕದಲ್ಲಿಟ್ಟು ಓದಿ. ಬಿಳಿಯಲ್ಲಿ ಎಂಟನೆಯ, ಒಂಬತ್ತನೆಯ ನಡೆಗೇ ಮುಂಗಡ ಕಳೆದುಕೊಳ್ಳುತ್ತಿದ್ದರೆ ನಿಮ್ಮ ಓಪನಿಂಗ್‌ನಲ್ಲಿ ಪ್ರಶ್ನೆಗಳಿಲ್ಲ, ಅಲ್ಲಿಂದ ದುರಸ್ತಿ ಆರಂಭವಾಗಲಿ. ಕಪ್ಪಿನಲ್ಲಿ ಇಪ್ಪತ್ತನೆಯ ನಡೆಗೆ ಸಮಕ್ಕೆ ಬಂದೂ ಮೂವತ್ತನೆಯ ನಡೆಗೆ ಡ್ರಾ ಕೇಳುತ್ತಿದ್ದರೆ, ಆ ಹತ್ತು ನಡೆಗಳನ್ನು ಮಾತ್ರ ಹಲಗೆಯ ಮೇಲೆ ಮತ್ತೆ ಇಟ್ಟು, ಎಲ್ಲೆಲ್ಲಿ ನೀವೇ ಪ್ರಶ್ನೆ ಕೇಳಬಹುದಿತ್ತು ಎಂದು ಒಂದೊಂದಾಗಿ ಹುಡುಕಿ.